ಬಿಳಿ ಕಾರಿನ ಎದುರು ಮನೆ

ನಿಟ್ಟುವಳ್ಳಿಯ ನಮ್ಮ ಕ್ರಾಸಿನಲ್ಲಿ
ಮನೆಗೆ ನಂಬರಿದೆ, ಯಾರೂ ಕೇಳುವುದಿಲ್ಲ.
'ಬಿಳಿ ಕಾರು ನಿಂತೈತಲ್ರೀ, ಅದರ ಎದುರಿಗೆ' ಅಂದರೆ ಸಾಕು,
ಸಿಲಿಂಡರಿನವನೂ ಬರುತ್ತಾನೆ, ಬೀಗರೂ ಬರುತ್ತಾರೆ.
ಎಲ್ಲಿಗೂ ಹೋಗದಿರುವುದು
ಕಾರು ಮಾತ್ರ.

ಹನ್ನೊಂದು ವರ್ಷದ ಹಿಂದೆ ಹಲ್ಲಿನ ಡಾಕ್ಟರೊಬ್ಬರಿಂದ ಕೊಂಡೆ.
'ಜಾಸ್ತಿ ಓಡಿಸಿಲ್ಲ' ಎಂದಿದ್ದರು ಹೆಮ್ಮೆಯಿಂದ.
ಅವರ ಆ ಮಾತನ್ನು
ನಾನು ಇವತ್ತಿಗೂ ಉಳಿಸಿಕೊಂಡು ಬಂದಿದ್ದೇನೆ.

ಬ್ಯಾಂಕಿಗೆ ನಡಿಗೆ, ಅಂಗಡಿಗೆ ಟೀವಿಎಸ್ಸು.
ಮಂಡಿಪೇಟೆಯೊಳಕ್ಕೆ ಕಾರು ಒಯ್ಯುವುದೆಂದರೆ
ಸೂಜಿಗೆ ಹಗ್ಗ ಪೋಣಿಸಿದ ಹಾಗೆ.
ಒಮ್ಮೆ ಹಟ ಮಾಡಿ ಹೊರಟೆವು, ರೈಲ್ವೆ ಗೇಟು ಬಿತ್ತು.
ಡೀಸೆಲ್ ಟ್ಯಾಂಕುಗಳ ಗೂಡ್ಸು, ಎಣಿಸಿದಷ್ಟೂ ಬಂತು.
ಸರ್ವಮಂಗಳ ಇಳಿದಳು, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡಳು,
ಆಟೋ ಹಿಡಿದು ಮನೆ ಸೇರಿದಳು.
ಕತ್ತಲಾದ ಮೇಲೆ ನಾವಿಬ್ಬರೂ ಬಂದೆವು:
ಕಾರು ಮುಂದೆ,
ನಾನು ಹಿಂದೆ, ತಳ್ಳುತ್ತ.

ಇದಕ್ಕೆ ಪೆಟ್ರೋಲು ತರಲು ನಾನು ಟೀವಿಎಸ್ಸಿನಲ್ಲಿ ಹೋಗುತ್ತೇನೆ.
ಹೊಗೆ ಪರೀಕ್ಷೆಯ ಹುಡುಗ ಚೀಟಿ ಕೊಡುತ್ತ ಹೇಳಿದ,
'ಇಷ್ಟು ಸಾಧು ಗಾಡಿ ನಾನು ನೋಡಿಲ್ಲ ಸಾರ್.'
ಆಯುಧಪೂಜೆಗೆ ನಾಲ್ಕು ನಿಂಬೆಹಣ್ಣು;
ಅದೊಂದು ತಪ್ಪದ ಪ್ರಯಾಣ,
ಎರಡಡಿ ಮುಂದೆ, ಎರಡಡಿ ಹಿಂದೆ.

ಹಾಗಂತ ಕೆಲಸಕ್ಕೆ ಬಾರದ್ದು ಅನ್ನಬೇಡಿ.
ಬಾನೆಟ್ಟಿನ ಮೇಲೆ ದೇವೀರಮ್ಮನ ಸಂಡಿಗೆ ಒಣಗುತ್ತದೆ,
ಡಿಕ್ಕಿಯಲ್ಲಿ ಅರ್ಧ ಚೀಲ ಈರುಳ್ಳಿ.
ಅವರ ಮೊಮ್ಮಗ ಬಕ್ಕೇಶ ಎಸ್ಸೆಸ್ಸೆಲ್ಸಿಗೆ ಓದಿದ್ದು
ಹಿಂದಿನ ಸೀಟಿನಲ್ಲಿ, ಒಳಗಿನ ದೀಪ ಹಚ್ಚಿಕೊಂಡು.
ಬಕ್ಕೇಶ ಪಾಸಾದ,
ಬ್ಯಾಟರಿ ಫೇಲಾಯಿತು.

ಜಗಳವಾದರೆ ಸರ್ವಮಂಗಳ ಚೀಲ ಹೆಗಲಿಗೆ ಹಾಕಿಕೊಂಡು
ಕಾರಿನಲ್ಲಿ ಹೋಗಿ ಕೂರುತ್ತಾಳೆ, ಗ್ಲಾಸು ಏರಿಸಿ.
ಕೇಳಿದರೆ, 'ತವರಿಗೆ ಹೋಗೀನಿ' ಎನ್ನುತ್ತಾಳೆ.
ಅರ್ಧ ಗಂಟೆ ಬಿಟ್ಟು ಚಹಾ ಒಯ್ದು ಕಿಟಕಿ ತಟ್ಟುತ್ತೇನೆ.
ಗ್ಲಾಸು ನಾಲ್ಕು ಬೆರಳಿಳಿಯುತ್ತದೆ,
ಲೋಟ ಹಿಡಿಸುವಷ್ಟು.
ಅಷ್ಟು ದೂರ ಹೋಗಿ ಬಂದದ್ದು
ಈ ಕಾರಿನ ಬಾಳಿನಲ್ಲಿ ಬೇರೆ ಇಲ್ಲ.

ಮೆಕ್ಯಾನಿಕ್ ದಾದಾಪೀರ್ ಬೈದ:
'ಇಂಜಿನ್ನು ಮಂಡಿ ಇದ್ದಂಗೆ ಸಾರ್, ಆಡಿಸದಿದ್ರೆ ಹಿಡ್ಕಂತೈತಿ.'
ಅಂದಿನಿಂದ ಪ್ರತಿ ಭಾನುವಾರ
ಹತ್ತು ನಿಮಿಷ ಸ್ಟಾರ್ಟ್ ಮಾಡಿ
ಎದುರಿನ ಗೋಡೆ ನೋಡುತ್ತ ಕೂರುತ್ತೇನೆ,
ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು.
'ಎಲ್ಲಿಗೆ ಹೊಂಟ್ರಿ?' ದೇವೀರಮ್ಮ ಕೇಳುತ್ತಾರೆ.
'ಇಲ್ಲಿಗೇ.'

ಹೋದ ತಿಂಗಳು ಹರಿಹರದಲ್ಲಿ ಕೂಸಿಗೆ ಹೆಸರಿಡುವ ಶಾಸ್ತ್ರ.
ನಂಬಿ ಬಿಡಿ, ಹೋದೆವು. ಕಾರಿನಲ್ಲಿ.
ಹಿಂದೆ ಲಾರಿಗಳು ಹಾರ್ನು ಹೊಡೆದವು,
ನನಗೆ ಅಭಿನಂದನೆಯ ಹಾಗೆ ಕೇಳಿತು.
ಪಾಯಸ ಉಂಡು ಮರಳಿ ಬಂದರೆ
ಓಣಿಯ ಮುಖವೇ ಕಳೆಗುಂದಿತ್ತು.
ಸಿಲಿಂಡರಿನವನು ಮೂರು ಸುತ್ತು ಸುತ್ತಿ
'ಮನೆ ಸಿಗಲಿಲ್ಲ' ಎಂದು ವಾಪಸ್ ಹೋಗಿದ್ದ.
ಕಾರಿನಡಿ ಮಲಗುವ ಕರಿಯ ನಾಯಿ
ಧೂಳು ಬೀಳದ ಆ ಆಯತದೊಳಗೆ,
ನೆತ್ತಿಯ ಮೇಲೆ ಬಿಸಿಲಿದ್ದರೂ,
ಗೆರೆ ದಾಟದೆ ಮಲಗಿತ್ತು.

'ಮಾರಿಬಿಟ್ರೇನೋ ಅಂದ್ಕಂಡೆ' ಎಂದು
ದೇವೀರಮ್ಮ ಓಡಿ ಬಂದರು, ಒಂದು ಕೈಯಲ್ಲಿ ಮೊರ.
ಇನ್ನೊಂದನ್ನು ಬಾನೆಟ್ಟಿನ ಮೇಲಿಟ್ಟು
ಸರಕ್ಕನೆ ತೆಗೆದರು.
'ಅಯ್ಯ, ಕಾದೈತಿ!'
ನಾನು ಕೀಲಿ ತೆಗೆಯುವುದರೊಳಗೆ
ಬಟ್ಟೆ ಹಾಸಿ ಸಂಡಿಗೆ ಸುರುವಿಯಾಗಿತ್ತು.

'ನಾಳೆನೂ ಹೋಗಿ ಬರ್ರಿ,' ಅಂದರು,
'ಮೆಣಸಿನಕಾಯಿ ಅದಾವು.'