ಕಾಲಂ ಏಳು

ಅರ್ಜಿ ಮೂರು ಪ್ರತಿ. ಫೋಟೋ ಆರು, ಬಿಳಿ ಹಿನ್ನೆಲೆ,
ಎರಡೂ ಕಿವಿ ಕಾಣಬೇಕು.
ಹಿಮ ತಿಂದ ಕಿವಿಯವರೂ ಬರುತ್ತಾರೆ.
ಇದ್ದಷ್ಟು ಕಾಣಲಿ, ಅನ್ನುತ್ತೇನೆ.

ಸ್ಕರ್ದುವಿನ ಹಳೇ ಬಜಾರಿನಲ್ಲಿ
ಒಣಹಣ್ಣಿನ ಅಂಗಡಿಯ ಮೇಲೆ ನನ್ನ ಮೇಜು.
ಕೆಳಗೆ ಏಪ್ರಿಕಾಟ್ ಬೀಜ ಒಡೆಯುವ ಸದ್ದು,
ಮೇಲೆ ನನ್ನ ಮೊಹರು ಅದಕ್ಕೇ ತಾಳ.
ಹತ್ತೊಂಬತ್ತು ವರ್ಷ. ನಾನು ಹತ್ತಿಸಿದವರನ್ನು
ಸಾಲಾಗಿ ನಿಲ್ಲಿಸಿದರೆ ಒಂದು ದಂಡು.
ನಾನು ಹತ್ತಿದ್ದು ಈ ಹದಿನಾಲ್ಕು ಮೆಟ್ಟಿಲು.

ಈ ಚಳಿಗಾಲ ಸ್ಲೊವೇನಿಯಾದಿಂದ ಐವರು ಬರೆದರು:
ಯಾರೂ ಮುಟ್ಟದ ಬೆಟ್ಟ ಬೇಕು.
ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಎತ್ತರವಷ್ಟೇ:
೬೫೩೧. ಕೈದಿಯ ಅಂಗಿಯ ಮೇಲಿರುವ ಹಾಗೆ.

ಉಪಗ್ರಹ ಫೋನು ಎರಡು. ಕಸಕ್ಕೊಂದು ಠೇವಣಿ,
ಹೆಲಿಕಾಪ್ಟರಿಗೊಂದು.
ಸತ್ತರೆ ದೇಹ ಕಳಿಸಬೇಕಾದ ವಿಳಾಸ
ಎಂಬಲ್ಲಿ ತಂಡದ ಡಾಕ್ಟರು ಬರೆದಿದ್ದಾಳೆ:
ಅಲ್ಲೇ ಇರಲಿ.
ಇಲಾಖೆ ಒಪ್ಪುವುದಿಲ್ಲ, ಮೇಡಂ.
'ಅಲ್ಲೇ' ವಿಳಾಸವಲ್ಲ.
ವಾರ ಬಿಟ್ಟು ಅವಳ ತಾಯಿಯ ಮನೆ ನಂಬರು ಬಂತು.

ಕೂಲಿಯವರು ಅರವತ್ತೆರಡು. ಅವರ ಹಾಳೆ ಬೇರೆ:
ಹೆಸರು, ಅಪ್ಪನ ಹೆಸರು, ಹಳ್ಳಿ, ಹೆಬ್ಬೆಟ್ಟು.
ಹೊರೆ ಇಪ್ಪತ್ತೈದು ಕಿಲೋ, ಅದು ಅಚ್ಚಾಗಿಯೇ ಬಂದಿದೆ.
ದೇಹ ಎಲ್ಲಿಗೆ ಎಂದು ಅಲ್ಲಿ ಯಾರೂ ಕೇಳಿಲ್ಲ.

ಉಳಿದದ್ದು ಕಾಲಂ ಏಳು: ಶಿಖರದ ಹೆಸರು.
ಖಾಲಿ ಬಿಡಿ, ಎಂದ ನಾಯಕ ಬೋಷ್ಟ್ಯಾನ್,
ಹತ್ತಿ ಇಳಿದು ನಾವೇ ಇಡುತ್ತೇವೆ,
ಹೋದ ತಿಂಗಳು ನನಗೆ ಮಗಳು ಹುಟ್ಟಿದ್ದಾಳೆ.
ಸಿಟ್ಟು ಮಾಡೋಣವೆಂದರೆ
ಹಸುಗೂಸಿನ ಮೇಲೆ ಮಾಡುವುದು ಹೇಗೆ?

ಶುಕ್ರವಾರ ಊರಿಗೆ ಹೋದೆ. ಅಪಿ ಉಪ್ಪಿನ ಚಹಾ ಕಡೆಯುತ್ತಿದ್ದಳು.
ಯಾವುದು, ತೊರೆಯಾಚೆ ಎಡಕ್ಕಿರುವುದಾ?
ಅದರ ಎದೆಯ ಮೇಲೆ ಹಿಮದ ಆಡು ಇದೆಯಲ್ಲ.
ಕೊಂಬು ಕರಗಿದರೆ ಬಾರ್ಲಿ ಬಿತ್ತಬೇಕು.
ಕಾಲು ಮುರಿದರೆ ನೀರಿನ ಸರದಿ,
ಮೊದಲು ಮೇಲಿನ ಗದ್ದೆಯವರದು, ಜಗಳ ಬೇಡ.
ಹೊಟ್ಟೆ ಹರಿದ ಮೇಲೆ ಕುಡುಗೋಲು ಮಸೆ.

ಅಪಿ, ಹೆಸರು?
ಕರೆದರೆ ಓಡಿ ಬರುತ್ತದೇನೋ ಹೆಸರಿಡೋಕೆ!

ಆಮೇಲೆ, ಬಟ್ಟಲು ತೊಳೆಯುತ್ತಾ, ತನ್ನಷ್ಟಕ್ಕೆ:
ಮಧ್ಯಾಹ್ನದ ಮೇಲೆ ಎಡಪಕ್ಕದಲ್ಲಿ ಕಲ್ಲು ಬೀಳುತ್ತವೆ,
ಬಲಗಡೆ ಹೋಗೋಕೆ ಹೇಳು ಅವರಿಗೆ.
ನಿನ್ನ ಅಪೋ ಹಾಗೇ ಹೋಗಿದ್ದು.
ಎಲ್ಲಿಯ ತನಕ?
ಯಾರಿಗೆ ಗೊತ್ತು. ಆಡು ತಪ್ಪಿಸಿಕೊಂಡಿತ್ತು, ಹುಡುಕಿ ಹೋದ.
ಆಚೆ ಕಣಿವೆಯ ನದಿ ದಾರದ ಎಳೆಯಷ್ಟು ಕಂಡಿತಂತೆ.
ಆಡು ಸಿಕ್ಕಿತಾ?
ಸಿಕ್ಕಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿರಲಿಲ್ಲವೇ?

ಕಾಲಂ ಎಂಟು: ಈ ಹಿಂದೆ ಹತ್ತಿದವರು.
'ಯಾರೂ ಇಲ್ಲ' ಎಂದು ನಾನೇ ಟೈಪು ಮಾಡಿದ್ದೆ.
ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ:
ಬಹುಶಃ ಒಬ್ಬರು. ಪರವಾನಗಿ ಇರಲಿಲ್ಲ.
ದಾರಿಯ ನಕ್ಷೆಗೆ ಒಂದು ಚೀಟಿ ಅಂಟಿಸಿದೆ:
ಎಡಕ್ಕೆ ಕಲ್ಲು, ಮಧ್ಯಾಹ್ನದ ಮೇಲೆ.
ಆಧಾರ: ಅಪಿಯ ಹೆಬ್ಬೆಟ್ಟು, ಬೆಣ್ಣೆಯ ಜಿಡ್ಡಿನ ಸಮೇತ.

ಇಸ್ಲಾಮಾಬಾದಿನಿಂದ ಕಡತ ಮರಳಿತು.
ಪೆನ್ಸಿಲು ಅಳಿಸಬೇಕು. ಚೀಟಿ ಅನಗತ್ಯ.
ಕಾಲಂ ಏಳು ಖಾಲಿ ಇರತಕ್ಕದ್ದಲ್ಲ.
೬೫೩೧ ಎಂದು ಬರೆದೆ. ಎರಡೇ ದಿನದಲ್ಲಿ ಮಂಜೂರು.
ಚೀಟಿಯನ್ನು ಕಿತ್ತು, ಬೇರೆ ಲಕೋಟೆಯಲ್ಲಿ
ಬೋಷ್ಟ್ಯಾನನಿಗೆ ಕಳಿಸಿದೆ. ಅವನ ಉತ್ತರ:
ತುಂಬಾ ಉಪಕಾರ, ಈ ಭೂವಿಜ್ಞಾನಿ ಯಾರು?

ಇವತ್ತು ಬೆಳಿಗ್ಗೆ ಊರಿಂದ ಫೋನು:
ಕೊಂಬು ಹೋಯಿತು, ಬಾ.
ಹೋದ ವರ್ಷಕ್ಕಿಂತ ಹದಿನೆಂಟು ದಿನ ಮುಂಚೆ.
ರಜೆಗೆ ಅರ್ಜಿ ಬರೆಯುತ್ತಿದ್ದೇನೆ, ಎರಡು ಪ್ರತಿ.
ಕಾರಣ ಎಂಬಲ್ಲಿ
'ಆಡು' ಎಂದು ಬರೆದು
ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೇನೆ.