ಡಬ್ಬದ ತಳ

ಉರಿಬಿಸಿಲು ಎಂದೇ ಹೆಸರು ಇಲ್ಲಿ ನಮ್ಮ ಕಸುಬಿಗೆ.
ಕಿಬುಯೆ ಸಂತೆಯ ಬಡಗಣ ಬಾಯಲ್ಲಿ
ಕಬ್ಬಿಣ ಬಡಿಯುವವರ ಸಾಲು; ಅದರಲ್ಲಿ ಮೂರನೆಯವ ನಾನು,
ಒಬುರ, ತಗಡಿನವನು.
ಎಣ್ಣೆ ಡಬ್ಬ ಕೊಯ್ದು ದೀಪ ಮಾಡುತ್ತೇನೆ,
ಇದ್ದಿಲ ಒಲೆ, ಕೋಳಿಗೂಡಿನ ಬಾಗಿಲು,
ಮತ್ತೆ, ಕೇಳಿದವರಿಗೆ, ದನಿ ತಗ್ಗಿಸಿ ಕೇಳಿದವರಿಗೆ,
ಅಳತೆಯ ಡಬ್ಬದ ತಳ ಒಳಕ್ಕೆ ಉಬ್ಬಿಸಿ ಕೊಡುತ್ತೇನೆ.

ಗೊರೊಗೊರೊ ಅನ್ನುತ್ತೇವೆ ಆ ಡಬ್ಬಕ್ಕೆ.
ಜೋಳ, ಕಾಳು, ಸರೋವರದ ಬೆಳ್ಳಿಚೂರಿನಂಥ ಒಮೆನ ಮೀನು,
ಎಲ್ಲ ಅದರಲ್ಲೇ ಅಳೆದು ಬದುಕುವ ಊರಿದು.
ಮೂರು ಏಟು ಹದವಾಗಿ ಬಿದ್ದರೆ ಒಂದು ಹಿಡಿ ಉಳಿತಾಯ,
ಐದು ಏಟಿಗೆ ಒಂದೂವರೆ.
ಮೇಲಿನಿಂದ ನೋಡಿದವರಿಗೆ ಗುಡ್ಡೆ ಕಟ್ಟಿ ತುಂಬಿದ ಹಾಗೇ ಕಾಣುತ್ತದೆ.
ಏಟಿಗೆ ಹತ್ತು ಶಿಲಿಂಗ್. ಪಾಪ ಯಾರದೆಂದು
ಲೆಕ್ಕ ಬರೆದಿಟ್ಟವನಲ್ಲ ನಾನು;
ಡಬ್ಬ ಅವರದು, ಸುತ್ತಿಗೆ ಮಾತ್ರ ನನ್ನದು.

ಭಾನುವಾರ ಅದೇ ಕೈಯಲ್ಲಿ ಚರ್ಚಿನ ಡೋಲು.
ನಿನ್ನ ಪೆಟ್ಟಿಗೆ ಕಲ್ಲೂ ಕುಣಿಯುತ್ತದೆ ಅನ್ನುತ್ತಾರೆ ಪಾದ್ರಿ ನ್ಯಾಂದಿಗ.
ಕಣ್ಣು ಮುಚ್ಚಿ ಬಾರಿಸುತ್ತೇನೆ.
ನೀರು ಬರುತ್ತದೆ ಕಣ್ಣಲ್ಲಿ. ಅದು ಸುಳ್ಳಲ್ಲ.

ಶುಕ್ರವಾರ ಮಧ್ಯಾಹ್ನ ಬಂದಳು ಅಪೊಂಡಿ.
ಮೀನು ಮಾರುವವಳು, ಗಂಡ ಸತ್ತು ವರ್ಷವಾಗಿಲ್ಲ.
ಹೊದ್ದ ಬಟ್ಟೆಯೊಳಗಿಂದ ಡಬ್ಬ ತೆಗೆದಳು.
ಗುರುತು ಹಿಡಿದೆ. ಅವಳ ಗಂಡನಿಗೆ ನಾನೇ ಹಾಕಿಕೊಟ್ಟ ಐದು ಏಟು.
"ಇನ್ನೂ ಒಂದು ಬೇಕಾ?" ಅಂದೆ.
"ಸರಿಮಾಡು" ಅಂದಳು.
ಸರಿ ಅಂದರೆ ಏನೆಂದು ಕೇಳಬೇಕಾಯಿತು;
ನಮ್ಮ ಸಾಲಿನಲ್ಲಿ ಆ ಮಾತಿಗೆ ಅರ್ಥ ಬೇರೆ.
"ಮೊದಲು ಹೇಗಿತ್ತೋ ಹಾಗೆ."

ಅದಕ್ಕೆ ದರವೇ ಇರಲಿಲ್ಲ ನನ್ನ ಬಳಿ.
ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ಒಳಗಿನಿಂದ ಬಡಿಯಬೇಕು; ಸುತ್ತಿಗೆ ಆಡಲು ಜಾಗವಿಲ್ಲ.
ಮರದ ತುಂಡು ಇಳಿಸಿ, ಅದರ ತಲೆಗೆ ಮೆಲ್ಲಗೆ ಕೊಟ್ಟೆ.
ಹೊರಗಿನ ಏಟಿಗೆ ಟಣ್ ಅನ್ನುವ ತಗಡು
ಒಳಗಿನ ಏಟಿಗೆ ನರಳುತ್ತದೆ, ಬೇರೆಯೇ ಥರ.
ತಳ ಇಳಿಯಿತು. ಸುಕ್ಕು ಹೋಗಲಿಲ್ಲ.
ಹೋಗುವುದೂ ಇಲ್ಲ, ತಗಡಿಗೆ ನೆನಪು ಜಾಸ್ತಿ.

ಅವಳು ನೆಲದ ಮೇಲೆ ಕೂತು
ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು. ಪ್ರಾರ್ಥನೆ ಅಂದುಕೊಂಡೆ.
ಅಲ್ಲ, ಬಾಕಿ.
ಓಚೋಲನ ತಾಯಿಗೆ ಎಂಟು ಹಿಡಿ.
ಶಾಲೆಯ ಅಡುಗೆಯವನಿಗೆ, ಅಯ್ಯೋ, ಅದು ಹಿಡಿಯಲ್ಲ, ಮೂಟೆ.
ಸೈಕಲ್ಲಿನ ಆ ಹುಡುಗ, ಹೆಸರು ಗೊತ್ತಿಲ್ಲ,
ಹಿಂದೆ ಕುಂಟು ತಂಗಿಯನ್ನು ಕೂರಿಸಿಕೊಂಡು ಬರುತ್ತಿದ್ದನಲ್ಲ, ಅವನು.
"ಎಲ್ಲಿಂದ ತರುತ್ತೀ ಅಷ್ಟು ಮೀನು?"
"ದಿನಾ ಸ್ವಲ್ಪ ಸ್ವಲ್ಪ."
ಅಷ್ಟೇ. ದೇವರ ಹೆಸರು ಎತ್ತಲಿಲ್ಲ.
ನನ್ನ ಕಡೆ ಬೆರಳೂ ತೋರಲಿಲ್ಲ.
ತೋರಿದ್ದರೆ ಚೆನ್ನಾಗಿತ್ತು, ಜಗಳ ಆಡಬಹುದಿತ್ತು.
ಕೂಲಿ ಬೇಡ ಅಂದೆ.
ಇಪ್ಪತ್ತು ಶಿಲಿಂಗ್ ಸುತ್ತಿಗೆಯ ಪಕ್ಕ ಇಟ್ಟು ಹೋದಳು.

ಆ ಭಾನುವಾರ ನನ್ನ ತಾಳ ತಪ್ಪಿತು
ಅಂದಿದ್ದರೆ ಕತೆ ಚಂದವಾಗುತ್ತಿತ್ತು.
ತಪ್ಪಲಿಲ್ಲ. ಎಂದಿನ ಹಾಗೆ ಕಲ್ಲು ಕುಣಿಯಿತು.
ಅವಳು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದಳು,
ನಸುಕಿಗೇ ದಡಕ್ಕೆ ಹೋಗಿ ಬಲೆಯ ಮೇಲೆ ಮೀನು ಹರವಿ ಬಂದವಳು,
ಮೈತುಂಬ ಅದೇ ವಾಸನೆ.
ಪಾದ್ರಿಯ ಕಣ್ಣು ಅವಳ ಮೇಲೆ ಬಿತ್ತು, ಮೆಚ್ಚದ ಕಣ್ಣು.

ಸೋಮವಾರ ಸಂಜೆ ಮನೆಯಲ್ಲಿ
ನನ್ನವಳು ಅಕೇಲೊ
ಪಕ್ಕದವರಿಂದ ಕಡ ತಂದ ಜೋಳದ ಹಿಟ್ಟು
ತಿರುಗಿ ಕೊಡಲು ಅಳೆಯುತ್ತಿದ್ದಳು, ನಮ್ಮ ಡಬ್ಬದಲ್ಲಿ.
ಮದುವೆಯಾದ ಹೊಸದರಲ್ಲಿ, ಮುದ್ದಿಗೆಂಬಂತೆ,
ನಾನೇ ಮೂರು ಏಟು ಹಾಕಿಕೊಟ್ಟದ್ದು.
ತುಂಬಿದಳು, ಅಂಗೈಯಿಂದ ಸವರಿ ಸಮಮಾಡಿದಳು.
ನಾನೆದ್ದು ಒಂದು ಹಿಡಿ ಸುರಿದೆ ಮೇಲೆ.
ಜಾರಿ ನೆಲಕ್ಕೆ ಚೆಲ್ಲಿತು.

"ಹುಚ್ಚೇ ನಿನಗೆ? ತುಂಬಿದೆಯಲ್ಲ!"

"ತುಂಬಿಲ್ಲ" ಅಂದೆ.