ಖರೇ ಏನ್ರಿ?

ಬ್ಯಾಡಗಿಯೊಳಗ ಈ "ಬ್ಯಾಡ" ಹುಟ್ಟಿದ್ದು
ಮೆಣಸಿನಕಾಯಿ ಗೋದಾಮಿನ್ಯಾಗ ಅಂತ ನಾ ತಿಳಿದಿದ್ದೆ.
ಅಲ್ಲಿ ಹೆಣ್ಮಕ್ಕಳು ಸಾಲಾಗಿ ಕುಂತು ತುಂಬು ಬಿಡಸ್ತಾರ,
ಮೂಗಿಗೆ ಸೆರಗು, ನಡುವ ಒಂದು ಫೋನು
ಚೀಲಕ್ಕ ಆನಿಸಿ ನಿಲ್ಲಿಸಿದ್ದು.
ಎಲ್ಲಾರ ಕೈಯೂ ಖಾರ. ಯಾರೂ ಮುಟ್ಟಂಗಿಲ್ಲ,
ಯಾರೂ ಬಂದ್ ಮಾಡಂಗಿಲ್ಲ,
ಅದು ತನ್ನಷ್ಟಕ್ಕ ತಾನ ಹೇಳಿಕೋತ ಹೋಗತೈತಿ.

"ದೊಡ್ಡ ದವಾಖಾನಿಯಿಂದ ಡಾಕ್ಟರ್ ಮಾತಾಡಾಕತ್ತೀನಿ..."
ಯಾವ ಊರ ದವಾಖಾನಿ? ಹೇಳಂಗಿಲ್ಲ.
ಹೆಸರಿಲ್ಲ, ಅಡ್ಡಹೆಸರೂ ಇಲ್ಲ.
ಹಿಂದ ಒಂದು ಕೂಸು ಅಳತೈತಿ.
ಆ ಅಳು ಮಾತ್ರ ಎಲ್ಲಾರಿಗೂ ಗುರುತು.
ಉಳಿದದ್ದು ನಮ್ಮ ಡಬ್ಬಿ ಕಾಯಿಯಂಗ,
ಖಾರಕ್ಕಿಂತ ಬಣ್ಣ ಜಾಸ್ತಿ.

ಗುರುವಾರ. ಹೆಗಲಿಗೆ ನೀಲಿ ಪೆಟ್ಟಿಗಿ,
ಒಳಗ ನಾಲ್ಕು ಐಸಿನ ಇಟ್ಟಂಗಿ, ನಡುವ ದಡಾರದ ಲಸಿಕೆ.
ಹಿಂದ ಸಿಸ್ಟರ್ ಸುಲೋಚನಾ, ಬಿಸಿಲಿಗೆ ಬೈಕೋತ.
ರಿಜಿಸ್ಟರಿನ್ಯಾಗ ಹದಿನೇಳು ಕೂಸು.
ಮೊದಲನೇ ಮನಿ: "ಬರ್ರಿ ಅಕ್ಕಾರ, ಚಾ ತಗೋರಿ. ಸೂಜಿ ಬ್ಯಾಡ."
ಹಸೀನಾಬಿ ಮನಿ: ಚಾ, ಜೋಡಿ ಚುರುಮುರಿ. ಸೂಜಿ ಬ್ಯಾಡ.
ಬೇಲೇರಿಯವರ ಮನ್ಯಾಗ ಗಂಡಸು ಫೋನಿನಿಂದ ತಲಿ ಎತ್ತಲಿಲ್ಲ,
ಬೆರಳಿನಿಂದ ಬಾಗಿಲ ತೋರಿಸಿದ.
ಹಿತ್ತಲದಿಂದ ಅವನ ಹೆಂಡತಿ ಬಂದು ಚಾ ಕೊಟ್ಟಳು.
ಆರು ಬಾಗಿಲಿಗೆ ಆರು ಚಾ.
ಬೈದು ಕಳಿಸಿದ್ರ ನಾನೂ ಬಾಯಿ ಮಾಡಬಹುದಿತ್ತು.
ಸಕ್ಕರಿ ಹಾಕಿ "ಬ್ಯಾಡ" ಅಂದ್ರ
ಯಾರ ಜೋಡಿ ಜಗಳಾಡಲಿ?

ಮುಂದ ದಾಕ್ಷಾಣಿ.
ಅವಳ ಮನಿಗೆ ಹೋದ್ರ ಕೀಲಿ. ಗೋದಾಮಿಗೆ ಹೋದೆ.
ಕೂಸು ಮೂಲ್ಯಾಗ, ಖಾಲಿ ಚೀಲದ ಜೋಳಗಿಯೊಳಗ, ನಿದ್ದಿ.
ಹೆರಿಗಿ ರಾತ್ರಿ ಹಾವೇರಿತನಕ ಗಾಡಿಯೊಳಗ
ಇವಳ ಉಗುರು ನನ್ನ ಮುಂಗೈಯಾಗ ನೆಟ್ಟಿದ್ದವು,
ಕಲಿ ಇನ್ನೂ ಐತಿ.
"ನನ್ನ ಮಾತು ನಂಬಂಗಿಲ್ಲೇನ?" ಅಂದೆ.
"ನಂಬಿದ್ದಕ್ಕ ಬ್ಯಾಡ ಅನ್ನಾಕತ್ತೀನ್ರಿ ಅಕ್ಕಾ.
ನೀವ ಕಳಿಸೀರಲ್ಲ?"

ಮೊಳಕೈಯಿಂದ ಫೋನು ನನ್ನ ಕಡೆ ತಳ್ಳಿದಳು.
ತಾಯಂದಿರ ಗುಂಪು. ಸೋಮವಾರ ರಾತ್ರಿ, ಹತ್ತೂ ನಲವತ್ತು.
ಮ್ಯಾಲ ನನ್ನ ಹೆಸರು, ನನ್ನ ಫೋಟೋ,
ಗುಲಾಬಿ ಸೀರಿ ಉಟ್ಟು ನಗಾಕತ್ತೇನಿ.

ಹೌದು. ಆ ಅಳು ನನಗೂ ಗುರುತು ಹತ್ತಿತ್ತು.
ನನ್ನ ಮಗಳ ಮಗಳಿಗೂ ಅವತ್ತಿಗೆ ಒಂಬತ್ತು ತಿಂಗಳು.
ಡಾಕ್ಟರ್ ಇರೋ ಗುಂಪಿಗೆ ಅಂತ ಹಾಕಿ, ಕೆಳಗ ಬರದಿದ್ದೆ:
ಇದು ಖರೇ ಏನ್ರಿ?
ಮುಂಜಾನೆ ಎದ್ದು ಸಾಹೇಬರು "ಸುಳ್ಳು" ಅಂದ್ರು,
ಎಂಟು ಪುಟದ ಕಾಗದಾ ಜೋಡಿಸಿದ್ರು.
ಅದನ್ನ ತೆಗೆದು ಓದಿದವರು ಇಬ್ಬರು. ಒಬ್ಬಾಕಿ ನಾನು.

ಅಷ್ಟರೊಳಗ ಮಾತು ಮೋಟೆಬೆನ್ನೂರು ದಾಟಿತ್ತು.
ನಾವು ದಿನಾ ಮಾಡೋ ಕೆಲಸನ:
ತುಂಬು ಮುರಿದು ಅಲ್ಲೇ ಚೆಲ್ಲಿ,
ಕಾಯಿ ಅಷ್ಟ ಚೀಲಕ್ಕ ತುಂಬಿ ಕಳಿಸೋದು.
ಮಾತು ಹೋತು.
ನನ್ನ ಪ್ರಶ್ನಿ ನೆಲದ ಮ್ಯಾಲ ಬಿತ್ತು.

ನಾನು ಸಿಸ್ಟರ್ ಮಾರಿ ನೋಡಲಿಲ್ಲ.
ಸಾಲಿನ್ಯಾಗ ಜಾಗ ಮಾಡಿಕೊಂಡು ಕುಂತೆ,
ಎದುರಿನ ರಾಶಿಯಿಂದ ಒಂದು ಕಾಯಿ ತಗೊಂಡೆ.
"ನಾನ ಕಳಿಸಿದ್ದೆ. ನನಗೂ ಅಂಜಿಕಿ ಆಗಿತ್ತು.
ಕೇಳಾಕ ಅಂತ ಕಳಿಸಿದ್ದೆ."
ಯಾರೋ ಸೀನಿದರು.
ಯಾರೋ ಅಂದರು, "ಮತ್ತ ನಿಮ್ಮ ಮೊಮ್ಮಗಳಿಗೆ?"
"ಬುಧವಾರ ಹಾಕಿಸಿದೆ. ರಾತ್ರಿ ಮೈ ಬೆಚ್ಚಗಾತು, ಅತ್ತಳು.
ನಾನೂ ಎದ್ದು ಕುಂತಿದ್ದೆ."

ಆಮ್ಯಾಲ ಬರೇ ತುಂಬು ಮುರಿಯೋ ಸಪ್ಪಳ.
ಫೋನು ಚೀಲದಿಂದ ಜಾರಿ ಮಕಾಡೆ ಬಿತ್ತು,
ಒಳಗಿನ ಧ್ವನಿ ನಿಲ್ಲಲಿಲ್ಲ.

ದಾಕ್ಷಾಣಿ ಎದ್ದಳು.
ಹೂಂ ಅನ್ನಲಿಲ್ಲ. ಬ್ಯಾಡ ಅಂತಲೂ ಅನ್ನಲಿಲ್ಲ.
ಖಾರದ ಕೈಲೆ ಕೂಸಿನ್ನ ಎತ್ತಬಾರದು:
ಎಣ್ಣಿ ಹಚ್ಚಬೇಕು, ಹಿಟ್ಟು ತಿಕ್ಕಬೇಕು, ಮತ್ತ ನೀರು,
ಮತ್ತೊಮ್ಮೆ ಎಣ್ಣಿ.
ಹೊತ್ತು ಹಿಡಿಯೋ ಕೆಲಸ.
ಪೆಟ್ಟಿಗಿಯೊಳಗ ಐಸು ಸಡಲಾಗಾಕತ್ತೈತಿ,
ನಲ್ಲಿ ಕಡೆ ನೀರಿನ ಸಪ್ಪಳ ಕೇಳಕೋತ
ಕುಂತೀನಿ.